ರೂಟರ್‌ಗೆ ಹಾರ್ಡ್ ಡಿಸ್ಕ್ ಸಿಕ್ಕಿಸುವ ಮುಂಚೆ ಇದನ್ನೊಮ್ಮೆ ಓದಿ

ನಿಮ್ಮ ವೈಫೈ ರೂಟರ್‌ನ ಹಿಂದೆ ಯುಎಸ್‌ಬಿ ಪೋರ್ಟ್ ಇದೆಯಾ ನೋಡಿ. ಅದಕ್ಕೊಂದು ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಮನೆಯ ಎಲ್ಲ ಫೋನು, ಲ್ಯಾಪ್‌ಟಾಪು, ಟಿವಿಗೂ ಒಂದೇ ಕಡೆಯಿಂದ ಫೋಟೋ, ಸಿನಿಮಾ ಸಿಗುತ್ತದೆ. ಇದು ಸುಳ್ಳೇನಲ್ಲ. ನಿಜವಾಗಿಯೂ ಕೆಲಸ ಮಾಡುತ್ತದೆ. ಚೆನ್ನಾಗಿ ಕೆಲಸ ಮಾಡುವುದರಿಂದಲೇ ಮನೆಮಂದಿಯೆಲ್ಲ ಅದನ್ನು ನಂಬಿಬಿಡುತ್ತಾರೆ. ನಮ್ಮ ಮನೆಯಲ್ಲಿ ತಂಗಿಯ ಮದುವೆ ವಿಡಿಯೋ, ಅಜ್ಜಿಯ ಎಷ್ಟೋ ಫೋಟೋ ಹೋದದ್ದು ಹೀಗೆ.

ಫೈಬರ್ ಕನೆಕ್ಷನ್ ಕೊಡಲು ಬಂದ ಹುಡುಗ ಆ ಪೋರ್ಟ್ ತೋರಿಸಿ, "ಸರ್, ಹಾರ್ಡ್ ಡಿಸ್ಕ್ ಇದ್ರೆ ಕೊಡಿ, ಇಲ್ಲೇ ಹಾಕ್ಕೊಡ್ತೀನಿ. ಕ್ಲೌಡ್‌ಗೆ ತಿಂಗಳು ತಿಂಗಳು ಯಾಕೆ ದುಡ್ಡು ಕಟ್ತೀರಾ?" ಅಂದ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಸೆಟ್ ಮಾಡಿಯೂ ಕೊಟ್ಟ. ಅಪ್ಪ ದಿನಾ ಸಂಜೆ ಟಿವಿಯಲ್ಲಿ ಹಳೆಯ ಪ್ರವಾಸದ ಫೋಟೋ ಹಾಕಿಕೊಂಡು ಕೂರುತ್ತಿದ್ದರು. ತಂಗಿ ಊರಿಗೆ ಬಂದಾಗಲೆಲ್ಲ ಫೋನ್‌ನಲ್ಲಿದ್ದದ್ದನ್ನು ಅದಕ್ಕೆ ಸುರಿದು, ಜಾಗ ಸಾಲದು ಅಂತ ಫೋನ್‌ನಿಂದ ಅಳಿಸುತ್ತಿದ್ದಳು. ಹೀಗೆ, ಕಾಪಿ ಇಡಲು ಅಂತ ಹಾಕಿದ ಡಿಸ್ಕ್‌ನಲ್ಲೇ ಅಸಲು ಉಳಿಯಿತು. ಬೇರೆಲ್ಲೂ ಇಲ್ಲ.

ಮಳೆಗಾಲ ಶುರುವಾದ ಮೇಲೆ ಸಣ್ಣ ಸಣ್ಣ ಕಾಟ. ಸಿನಿಮಾ ಮಧ್ಯದಲ್ಲಿ ನಿಲ್ಲುತ್ತಿತ್ತು. ಕಂಪ್ಯೂಟರ್‌ನಲ್ಲಿ ಡಿಸ್ಕ್ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯ. ಕಿತ್ತು ಮತ್ತೆ ಸಿಕ್ಕಿಸಿದರೆ ಸರಿಹೋಗುತ್ತಿತ್ತು. ಡಿಸ್ಕ್‌ನಿಂದ ಟಿಕ್ ಟಿಕ್ ಅಂತ ಸದ್ದು ಬೇರೆ. ನಿಮ್ಮ ಮನೆಯಲ್ಲೂ ಹೀಗಾಗುತ್ತಿದ್ದರೆ ಮುಂದಕ್ಕೆ ಓದುವ ಮೊದಲು ಅದರಲ್ಲಿರುವುದನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಇದರ ಹಿಂದೆ ಇರುವುದು ಬರೀ ಕರೆಂಟಿನ ಲೆಕ್ಕ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್. 3.0 ಆದರೆ 900. ಜೇಬಿನಲ್ಲಿ ಹಿಡಿಸುವ ಪೋರ್ಟಬಲ್ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ಒಳಗಿನ ತಟ್ಟೆ ತಿರುಗಲು ಶುರುವಾಗುವಾಗ ಅದು 1 ಆಂಪ್‌ವರೆಗೂ ಎಳೆಯಬಹುದು. ಲ್ಯಾಪ್‌ಟಾಪ್‌ನ ಪೋರ್ಟ್ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ರೂಟರ್ ಜೊತೆ ಬರುವ ಅಡಾಪ್ಟರ್ ಮೇಲೆ ಏನು ಬರೆದಿದೆ ನೋಡಿ. ನಮ್ಮದು 12 ವೋಲ್ಟ್, 1 ಆಂಪ್. ಅಂದರೆ ಒಟ್ಟು 12 ವಾಟ್. ವೈಫೈಗೂ ಅದೇ, ಡಿಸ್ಕ್‌ಗೂ ಅದೇ. ಅದರ ಮೇಲೆ, ಕರೆಂಟ್ ಹೋದರೂ ನೆಟ್ ಇರಲಿ ಅಂತ ರೂಟರ್‌ಗೆ ಹಾಕುವ ಪುಟ್ಟ ಯುಪಿಎಸ್ ಇತ್ತು. ಆ ಡಬ್ಬಿಗಳನ್ನು ರೂಟರ್‌ಗೆ ಸಾಲುವಷ್ಟು ಮಾತ್ರ ಲೆಕ್ಕ ಹಾಕಿ ಮಾಡಿರುತ್ತಾರೆ. ಹಿಂದೆ ಒಂದು ಡಿಸ್ಕ್ ನೇತಾಡುತ್ತಿದೆ ಅಂತ ಅವಕ್ಕೇನು ಗೊತ್ತು? ಕರೆಂಟ್ ಹೋದಾಗ ರೂಟರ್ ಬದುಕಿರುತ್ತಿತ್ತು, ಡಿಸ್ಕ್ ಬಿದ್ದುಹೋಗುತ್ತಿತ್ತು. ಅದೂ ಬರೆಯುತ್ತಿರುವಾಗಲೇ.

ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ, ಫೈಲುಗಳನ್ನು ಜೋಡಿಸಿಡುವ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ ಅಂತ ಎಲ್ಲರೂ ಅದನ್ನೇ ಹೇಳುತ್ತಾರೆ. ಪೆನ್‌ಡ್ರೈವ್‌ಗೆ ಸರಿ. ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲ್ ಇಲ್ಲ. ಅಂದರೆ ಏನು ಬರೆಯಲು ಹೊರಟಿದ್ದೆ ಎಂಬ ಗುರುತನ್ನು ಅದು ಮೊದಲೇ ಬರೆದಿಟ್ಟುಕೊಳ್ಳುವುದಿಲ್ಲ. ಅರ್ಧ ಬರೆದಾಗ ಕರೆಂಟ್ ತಪ್ಪಿದರೆ ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಕೆಡಬಹುದು. ಇಂಥವೇ ಬೇರೆ ಪದ್ಧತಿಗಳಾದ ವಿಂಡೋಸ್‌ನ ಎನ್‌ಟಿಎಫ್‌ಎಸ್‌ಗೂ ಲಿನಕ್ಸ್‌ನ ಎಕ್ಸ್‌ಟಿ4ಗೂ ಜರ್ನಲ್ ಇದೆ. ರೂಟರ್ ಒಪ್ಪಿದರೆ ಎಕ್ಸ್‌ಟಿ4 ಒಳ್ಳೆಯದು. ಆದರೆ ಆ ಡಿಸ್ಕನ್ನು ವಿಂಡೋಸ್ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ನೇರವಾಗಿ ಓದುವುದಿಲ್ಲ.

ಕೊನೆಗೆ ಒಂದು ದಿನ ರೂಟರ್‌ನಲ್ಲಿ ಡಿಸ್ಕ್ ಕಾಣಲೇ ಇಲ್ಲ. ಅಪ್ಪ ಅದನ್ನು ಕಂಪ್ಯೂಟರ್ ಅಂಗಡಿಗೆ ಕೊಟ್ಟುಬಂದರು. ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು ಅಂತ ವಿಂಡೋಸ್ ಕೇಳಿತು, ಅಂಗಡಿಯವನು ಮಾಡಿಯೇಬಿಟ್ಟ. ಆಮೇಲೆ ರಿಕವರಿ ಸಾಫ್ಟ್‌ವೇರ್ ಓಡಿಸಿ, ಸಿಕ್ಕ ಫೈಲುಗಳನ್ನು ಅದೇ ಡಿಸ್ಕ್‌ಗೆ ಬರೆದ! ಇನ್ನೂ ಹುಡುಕಬೇಕಾದ ಫೈಲುಗಳ ಮೇಲೆಯೇ ಬರೆದಂತಾಯಿತಲ್ವಾ? ವಾಪಸ್ ಬಂದದ್ದು ಹೆಸರು, ತಾರೀಖು ಯಾವುದೂ ಇಲ್ಲದ ಫೋಟೋಗಳ ರಾಶಿ. ಎಷ್ಟೋ ಫೋಟೋಗಳ ಕೆಳಗಿನ ಅರ್ಧ ಬೂದು ಬಣ್ಣ. ಮದುವೆಯ ವಿಡಿಯೋ ಓಪನ್ನೇ ಆಗಲಿಲ್ಲ. ದೊಡ್ಡ ವಿಡಿಯೋ ಫೈಲ್ ಡಿಸ್ಕ್‌ನಲ್ಲಿ ಒಂದೇ ಕಡೆ ಇರಬೇಕೆಂದಿಲ್ಲ. ಪಟ್ಟಿ ಹೋದ ಮೇಲೆ ತುಂಡುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಸಾಫ್ಟ್‌ವೇರ್‌ಗೂ ಗೊತ್ತಾಗುವುದಿಲ್ಲ. ಬಿಲ್ ಮಾತ್ರ ಪೂರ್ತಿ ಹಾಕಿದ್ದರು.

ಆಮೇಲೆ ರೂಟರ್ ಸೆಟ್ಟಿಂಗ್ ತೆಗೆದು ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಡಿಸ್ಕ್‌ಗೆ ಪಾಸ್‌ವರ್ಡೇ ಇರಲಿಲ್ಲ. ಗೆಸ್ಟ್ ಲಾಗಿನ್ ಆನ್, ಎಫ್‌ಟಿಪಿ (ನೆಟ್‌ವರ್ಕ್ ಮೂಲಕ ಫೈಲ್ ಕಳಿಸುವ, ತರಿಸುವ ವಿಧಾನ) ಆನ್, ಇಂಟರ್ನೆಟ್‌ನಿಂದ ತೆರೆಯುವ ಆಯ್ಕೆಗೂ ಟಿಕ್. ಮನೆಯ ಫೋಟೋಗಳನ್ನು ಯಾರು ನೋಡುತ್ತಾರೆ ಅಂದುಕೊಳ್ಳಬೇಡಿ. 2014ರಲ್ಲಿ ಆಸುಸ್ ರೂಟರ್‌ಗಳಿಗೆ ಸಿಕ್ಕಿಸಿದ್ದ ಸಾವಿರಾರು ಜನರ ಡಿಸ್ಕ್‌ಗಳೊಳಗೆ ಹೊರಗಿನವರು ಹೊಕ್ಕು, ನಿಮ್ಮ ಫೈಲುಗಳನ್ನು ಯಾರು ಬೇಕಾದರೂ ತೆರೆಯಬಹುದು ಎಂಬ ಎಚ್ಚರಿಕೆಯ ಟೆಕ್ಸ್ಟ್ ಫೈಲ್ ಇಟ್ಟುಹೋಗಿದ್ದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಪ್ರಕಾರ ಅಂಥ ಡಿಸ್ಕ್‌ಗಳು 12,900ಕ್ಕೂ ಜಾಸ್ತಿ. 2016ರಲ್ಲಿ ಕಂಪನಿ 20 ವರ್ಷ ಹೊರಗಿನವರಿಂದ ಆಡಿಟ್ ಮಾಡಿಸಲು ಒಪ್ಪಿಕೊಂಡಿತು. ನಮ್ಮದು ಬೇರೆ ಕಂಪನಿಯ ರೂಟರ್, ಆದರೆ ಟಿಕ್ ಹಾಕಿದ್ದ ಆಯ್ಕೆಗಳು ಅದೇ ಜಾತಿಯವು.

ಹಳೆಯ ರೂಟರ್ ಆದರೆ ಎಸ್‌ಎಂಬಿ 1 ಎಂಬ ತಗಾದೆಯೂ ಇರುತ್ತದೆ. ಫೈಲ್ ಹಂಚುವ ಹಳೇ ವಿಧಾನ ಅದು. 2017ರ ಕೊನೆಯಲ್ಲಿ ಬಂದ ವಿಂಡೋಸ್ 10 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಹಾಕುವುದನ್ನೇ ಬಿಟ್ಟಿತು. ಡಿಸ್ಕ್ ಕಾಣುತ್ತಿಲ್ಲ ಅಂತ ಯಾರನ್ನಾದರೂ ಕೇಳಿದರೆ, ವಿಂಡೋಸ್ ಫೀಚರ್ಸ್‌ಗೆ ಹೋಗಿ ಅದನ್ನು ಆನ್ ಮಾಡಿ ಅಂತಾರೆ. ಮಾಡಬೇಡಿ. ಅದೇ ವರ್ಷ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್ ಹರಡಿದ್ದು ಎಸ್‌ಎಂಬಿ 1ರ ದೋಷದಿಂದಲೇ. ರೂಟರ್‌ಗೆ ಎಸ್‌ಎಂಬಿ 2 ಅಥವಾ 3 ಬರದಿದ್ದರೆ ಅದಕ್ಕೆ ಡಿಸ್ಕ್ ಸಿಕ್ಕಿಸುವ ಆಸೆ ಬಿಡಿ. ಇನ್ನೊಂದು ಮಾತು: ಮನೆಯ ಒಂದು ಕಂಪ್ಯೂಟರ್‌ಗೆ ಫೈಲ್ ಲಾಕ್ ಮಾಡುವ ವೈರಸ್ ಬಂದರೆ, ಅದು ನೆಟ್‌ವರ್ಕ್ ಡ್ರೈವ್‌ನಲ್ಲಿರುವುದನ್ನೂ ಲಾಕ್ ಮಾಡಬಲ್ಲದು.

ಈಗಲೂ ನಮ್ಮ ರೂಟರ್‌ಗೆ ಒಂದು ಡಿಸ್ಕ್ ಇದೆ. ತನ್ನದೇ ಅಡಾಪ್ಟರ್ ಇರುವ, 3.5 ಇಂಚಿನ ದೊಡ್ಡದು. ಇನ್ವರ್ಟರ್ ಲೈನ್‌ನಲ್ಲಿದೆ. ಅದರಲ್ಲಿ ಬರೀ ಸಿನಿಮಾ, ಹಾಡು. ಹೋದರೆ ಹೋಗಲಿ. ಎಲ್ಲರಿಗೂ ಓದಲು ಮಾತ್ರ ಅನುಮತಿ, ಬರೆಯಲು ಒಂದೇ ಅಕೌಂಟ್, ಅದಕ್ಕೆ ಪಾಸ್‌ವರ್ಡ್. ಎಫ್‌ಟಿಪಿ ಬಂದ್. ಕೀಳುವ ಮುಂಚೆ ರೂಟರ್ ಪುಟದಲ್ಲಿ ಸೇಫ್ಲಿ ರಿಮೂವ್ ಒತ್ತುತ್ತೇವೆ. ಫೋಟೋಗಳು ಬೇರೆ ಎರಡು ಡಿಸ್ಕ್‌ಗಳಲ್ಲಿವೆ. ಒಂದು ಬೀರುವಿನಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ.

ನಿಮ್ಮ ಡಿಸ್ಕ್ ಈಗಾಗಲೇ ಕೆಟ್ಟಿದ್ದರೆ, ಫಾರ್ಮ್ಯಾಟ್ ಕೇಳಿದಾಗ ಕ್ಯಾನ್ಸಲ್ ಒತ್ತಿ. ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ, ಅದು ಡಿಸ್ಕ್ ಮೇಲೆಯೇ ತಿದ್ದಬಹುದು. ಟಿಕ್ ಟಿಕ್ ಸದ್ದು ಇದ್ದರೆ ಮತ್ತೆ ಮತ್ತೆ ಸಿಕ್ಕಿಸಿ ನೋಡುವುದೂ ಬೇಡ. ಅಂಗಡಿಗೆ ಕೊಡುವುದಾದರೆ ಮೊದಲೇ ಕೇಳಿ: ಪೂರ್ತಿ ಡಿಸ್ಕ್‌ನ ಇಮೇಜ್ (ಇದ್ದದ್ದು ಇದ್ದಹಾಗೇ ನಕಲು) ತೆಗೆದುಕೊಂಡು, ಆ ಇಮೇಜ್ ಮೇಲೆ ಕೆಲಸ ಮಾಡ್ತೀರಾ? ಸಿಕ್ಕ ಫೈಲುಗಳನ್ನು ಯಾವ ಡಿಸ್ಕ್‌ಗೆ ಹಾಕ್ತೀರಾ? ಏನೂ ಸಿಗದಿದ್ದರೆ ಎಷ್ಟು ತಗೋತೀರಾ? ಫೈಲು ಹಾಕಲು ಖಾಲಿ ಡಿಸ್ಕ್ ಬೇಕು ಅಂತ ಅವರೇ ಕೇಳಿದರೆ ಕೊಡಿ. ಕೇಳದಿದ್ದರೆ ಬೇರೆ ಅಂಗಡಿ ನೋಡಿ.