ಎ.ಎ. ಸಭೆಗಳು: ಕುಡಿತ ಬಿಟ್ಟವರೇ ನಡೆಸುವ ಸೇವೆಯೊಂದರ ವಿಮರ್ಶೆ

ಕುಡಿತ ಬಿಡಿಸುವ ಭರವಸೆಗಳಿಗೆ ನಮ್ಮಲ್ಲಿ ಬರವಿಲ್ಲ. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಯಿಂದ ಹಿಡಿದು ತಿಂಗಳುಗಟ್ಟಲೆ ಒಳಗಿಟ್ಟುಕೊಂಡು ದೊಡ್ಡ ಮೊತ್ತ ವಸೂಲಿ ಮಾಡುವ ಖಾಸಗಿ ಕೇಂದ್ರಗಳವರೆಗೆ ಹಲವನ್ನು ನೋಡಿದ ನಮ್ಮ ಮನೆಯಲ್ಲಿ, ತಮ್ಮನನ್ನು ಈವರೆಗೆ ಉಳಿಸಿರುವುದು ವೈದ್ಯರ ಚಿಕಿತ್ಸೆ ಮತ್ತು ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳು. ಎ.ಎ. ಎಂದೇ ಎಲ್ಲರೂ ಕರೆಯುವ ಈ ಕೂಟದ ‘ಓಪನ್ ಮೀಟಿಂಗ್’ಗಳಿಗೆ ಕುಟುಂಬದವರೂ ಹೋಗಬಹುದಾದ್ದರಿಂದ, ಅಲ್ಲಿ ಕೂತು ಕಂಡದ್ದನ್ನು ಆಧರಿಸಿ ಇದನ್ನು ಬರೆಯುತ್ತಿದ್ದೇನೆ. ಹೆಸರು ಹೊರಬೀಳಬಾರದೆಂಬುದು ಅವರ ಮೂಲ ನಿಯಮವಾಗಿರುವುದರಿಂದ ಗುಂಪು ಯಾವುದೆಂಬುದನ್ನಾಗಲಿ, ಅಲ್ಲಿ ಕೇಳಿದ ಯಾರ ಕಥೆಯನ್ನಾಗಲಿ ಇಲ್ಲಿ ಹೇಳುವುದಿಲ್ಲ.

ಈ ಸೇವೆ ನಡೆಯುವ ರೀತಿ ಅದು ಹುಟ್ಟಿದ ಬಗೆಯಲ್ಲಿಯೇ ಇದೆ. 1935ರಲ್ಲಿ ಅಮೆರಿಕದ ಅಕ್ರಾನ್ ನಗರಕ್ಕೆ ವ್ಯವಹಾರಕ್ಕೆಂದು ಹೋಗಿದ್ದ ಬಿಲ್ ವಿಲ್ಸನ್, ಕೆಲಸ ಕೈಗೂಡದೆ ಮತ್ತೆ ಕುಡಿಯುವ ಆಸೆ ಕಾಡತೊಡಗಿದಾಗ, ತನ್ನಂತೆಯೇ ಕುಡಿತಕ್ಕೆ ಸಿಲುಕಿದ ಇನ್ನೊಬ್ಬರೊಡನೆ ಮಾತಾಡಿದರೆ ತಾನು ಉಳಿಯಬಹುದೆಂದು ಹುಡುಕಿಹೊರಟು, ಶಸ್ತ್ರಚಿಕಿತ್ಸಕರಾಗಿದ್ದ ಡಾ. ಬಾಬ್ ಸ್ಮಿತ್ ಅವರನ್ನು ಕಂಡರು. ಎ.ಎ. ಹುಟ್ಟಿದ್ದು ಆ ಭೇಟಿಯಿಂದಲೇ. 1957ರಲ್ಲಿ ಮುಂಬಯಿಯ ಮೂಲಕ ಭಾರತಕ್ಕೆ ಬಂದ ಈ ಕ್ರಮ ಇಂದಿಗೂ ಹಾಗೆಯೇ ಉಳಿದಿದೆ. ನೆರವು ನೀಡುವವರು ತಮ್ಮ ಉಳಿವಿಗಾಗಿಯೂ ನೀಡುತ್ತಾರೆ. ಆದ್ದರಿಂದ ಪಡೆಯುವವರು ಯಾರ ಹಂಗಿಗೂ ಬೀಳುವುದಿಲ್ಲ. ಸಂಜೆ ಬಾರಿನ ಮುಂದೆ ಕಾಲು ನಿಂತಾಗ ನನ್ನ ತಮ್ಮ ಫೋನ್ ಮಾಡುವುದು ತನ್ನ ‘ಸ್ಪಾನ್ಸರ್’ಗೆ, ಅಂದರೆ ಅನೇಕ ವರ್ಷಗಳಿಂದ ಕುಡಿಯದಿರುವ ಹಿರಿಯ ಸದಸ್ಯರೊಬ್ಬರಿಗೆ. ಅಣ್ಣನಾದ ನನಗೆ ಅವನು ಅಂಥ ಹೊತ್ತಿನಲ್ಲಿ ಒಮ್ಮೆಯೂ ಫೋನ್ ಮಾಡಿದವನಲ್ಲ, ಮಾಡಿದ್ದರೂ ಬಹುಶಃ ನಾನು ಬೈಯುತ್ತಿದ್ದೆ.

ಸಭೆಯಲ್ಲಿ ಆಡಂಬರವೆಂಬುದಿಲ್ಲ. ಬಾಡಿಗೆಗೆ ಪಡೆದ ಕೊಠಡಿ, ಪ್ಲಾಸ್ಟಿಕ್ ಕುರ್ಚಿಗಳು, ಕುಡಿತದಿಂದ ಹೊರಬರಲು ಸದಸ್ಯರು ಅನುಸರಿಸುವ ಹನ್ನೆರಡು ಹೆಜ್ಜೆಗಳನ್ನು ಕನ್ನಡದಲ್ಲಿ ಅಚ್ಚು ಮಾಡಿಸಿದ ಬ್ಯಾನರ್, ಲೋಟದಲ್ಲಿ ಚಹಾ. ಒಬ್ಬರು ಎದ್ದು ತಮ್ಮ ಹೆಸರು ಹೇಳಿ, ತಾವೊಬ್ಬ ಆಲ್ಕೊಹಾಲಿಕ್ ಎಂದು ತಿಳಿಸಿ ಮಾತು ಆರಂಭಿಸಿದರೆ ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೆಂಡತಿ, ಅತ್ತೆ, ಮೇಲಧಿಕಾರಿ, ಊರಿನ ಹಿರಿಯರು ಎಲ್ಲರಿಂದಲೂ ಬುದ್ಧಿಮಾತು ಕೇಳಿ ಕೇಳಿ ಕಿವಿ ಮುಚ್ಚಿಕೊಂಡವರಿಗೆ ಈ ಮೌನ ಎಷ್ಟು ದೊಡ್ಡ ಸೌಕರ್ಯವೆಂಬುದು ಅಲ್ಲಿ ಕೂತಾಗಲೇ ತಿಳಿಯುತ್ತದೆ. ನಡುವೆ ಎಡವಿ ಕುಡಿದವರು ‘ಸ್ಲಿಪ್ ಆಯಿತು’ ಎಂದು ಒಪ್ಪಿಕೊಂಡು ಮತ್ತೆ ಮೊದಲ ದಿನದಿಂದ ಎಣಿಸಲು ತೊಡಗಿದಾಗಲೂ ಚಪ್ಪಾಳೆ ಬೀಳುತ್ತದೆ. ಪ್ರವೇಶಶುಲ್ಕವಾಗಲಿ, ಅರ್ಜಿಯಾಗಲಿ ಇಲ್ಲ. ಕುಡಿತ ಬಿಡುವ ಆಸೆಯೊಂದೇ ಸದಸ್ಯತ್ವಕ್ಕಿರುವ ಅರ್ಹತೆ. ಕೊನೆಯಲ್ಲಿ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಬರುತ್ತದೆ. ನಮ್ಮ ತಾಯಿ ಅದಕ್ಕೆ ನೋಟು ಹಾಕಲು ಹೋದಾಗ ಪಕ್ಕದಲ್ಲಿದ್ದವರು, “ಬೇಡ ಅಮ್ಮಾ, ಇದಕ್ಕೆ ಸದಸ್ಯರು ಮಾತ್ರ ಹಾಕೋದು” ಎಂದು ತಡೆದರು. ಹೊರಗಿನವರ ದೇಣಿಗೆಯನ್ನು ಮುಟ್ಟಬಾರದೆಂಬುದು ಗುಂಪುಗಳು ನಡೆದುಕೊಳ್ಳಬೇಕಾದ ರೀತಿಯನ್ನು ಹೇಳುವ ಇವರ ಹನ್ನೆರಡು ಸಂಪ್ರದಾಯಗಳಲ್ಲಿ ಏಳನೆಯದು.

ಇನ್ನು ಮಿತಿಗಳ ವಿಷಯ. ಎ.ಎ. ಆಸ್ಪತ್ರೆಯಲ್ಲ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಕೈನಡುಕದಿಂದ ಆರಂಭವಾಗಿ ಫಿಟ್ಸ್, ಭ್ರಮೆ, ಪ್ರಜ್ಞೆಯ ಗೊಂದಲದವರೆಗೆ ಹೋಗಿ ಪ್ರಾಣಕ್ಕೇ ಅಪಾಯವಾಗಬಹುದಾದ್ದರಿಂದ, ಅಂಥವರನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದಾರಿ ಕೇಳಲು ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇವೆ. ವೈದ್ಯರು ಕೊಟ್ಟ ಗುಳಿಗೆ ನುಂಗುವುದೂ ಒಂದು ಚಟವೇ ಎಂದು ಯಾವ ಸದಸ್ಯರಾದರೂ ಹೇಳಿದರೆ ಕಿವಿಗೊಡಬೇಡಿ. ಸದಸ್ಯರು ವೈದ್ಯರ ಪಾತ್ರ ವಹಿಸಬಾರದೆಂದು ಎ.ಎ.ಯ ಪ್ರಕಟಣೆಗಳೇ ಸ್ಪಷ್ಟವಾಗಿ ಹೇಳುತ್ತವೆ. ಹೆಜ್ಜೆಗಳಲ್ಲಿ ಮತ್ತೆ ಮತ್ತೆ ಬರುವ ದೇವರ ಮಾತು ನಾಸ್ತಿಕರಿಗೆ ಮುಜುಗರ ತರಬಹುದು, ‘ನಾವು ಅರ್ಥಮಾಡಿಕೊಂಡಂತೆ’ ಎಂಬ ರಿಯಾಯಿತಿ ಅಲ್ಲಿದ್ದರೂ. ನಾನು ಕಂಡ ಸಭೆಗಳಲ್ಲಿ ಮಹಿಳಾ ಸದಸ್ಯರು ಬೆರಳೆಣಿಕೆಯಷ್ಟು; ಕುಡಿತವನ್ನು ಒಪ್ಪಿಕೊಂಡ ಹೆಣ್ಣಿಗೆ ನಮ್ಮ ಸಮಾಜ ಕೊಡುವ ಹೆಸರನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲವಾದರೂ, ಸೇವೆಯ ದೊಡ್ಡ ಕೊರತೆಯಾಗಿ ನನಗೆ ಕಂಡದ್ದು ಇದೇ.

ಪರಿಣಾಮದ ಬಗ್ಗೆ ಅನುಮಾನವಿರುವವರು ಗಮನಿಸಬಹುದಾದ ಸಂಗತಿಯೊಂದಿದೆ. 27 ಅಧ್ಯಯನಗಳ 10,565 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2020ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿನೋಡುವ ಅಂತರರಾಷ್ಟ್ರೀಯ ಸಂಸ್ಥೆ) ಪರಾಮರ್ಶೆಯು, ಎ.ಎ.ಯಲ್ಲಿ ತೊಡಗುವಂತೆ ಕ್ರಮಬದ್ಧವಾಗಿ ಅಣಿಗೊಳಿಸುವ ಚಿಕಿತ್ಸೆಯು ಪೂರ್ಣವಾಗಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಪ್ರಚಲಿತ ಮನೋಚಿಕಿತ್ಸೆಗಳಿಗಿಂತ ಮೇಲೆಂದೂ, ಉಳಿದ ಬಹುತೇಕ ಅಳತೆಗಳಲ್ಲಿ ಅವುಗಳಿಗೆ ಸಮನೆಂದೂ ಕಂಡುಕೊಂಡಿತು.

ಸಭೆಯ ಗುಣ ಗುಂಪಿನಿಂದ ಗುಂಪಿಗೆ ಬದಲಾಗುವುದರಿಂದ, ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದನ್ನು ನೋಡಿಯೇ ತೀರ್ಮಾನಿಸುವುದು ಒಳ್ಳೆಯದು. ಹತ್ತಿರದಲ್ಲಿ ಸಭೆಯೇ ಇಲ್ಲದ ಊರುಗಳಲ್ಲಿ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗಳು ಬೇರೆ ಬಗೆಯಲ್ಲಿ ಇದೇ ಕೆಲಸವನ್ನು ಮಾಡುತ್ತಿವೆ. ಗಾಂಜಾ, ಮಾತ್ರೆ ಮುಂತಾದವುಗಳಿಗೆ ಸಿಲುಕಿದವರಿಗೆ ನಾರ್ಕೊಟಿಕ್ಸ್ ಅನಾನಿಮಸ್ ಇದೆ. ಮನೆಯವರಿಗೆಂದು 1951ರಲ್ಲಿ ಆರಂಭವಾದ ಅಲ್-ಅನಾನ್ ಪ್ರತ್ಯೇಕ ಕೂಟವಾಗಿದ್ದು, ಕುಡಿಯುವವರು ಬಿಡಲಿ ಬಿಡದಿರಲಿ ಮನೆಯವರು ಅಲ್ಲಿಗೆ ಹೋಗಬಹುದು. ನಮ್ಮ ತಾಯಿ ಈಗ ತಮ್ಮನನ್ನು ಕೇಳದೆಯೇ ಅಲ್ಲಿಗೆ ಹೋಗಿಬರುತ್ತಾರೆ.