ಪೌಂಡ್ ಗುರುತಾಗಿದ್ದ 'ನ' ಮತ್ತೆ 'ನ' ಆಯಿತು: ಮಂಡ್ಯದ ಒಂದು ಡಿಟಿಪಿ ಅಂಗಡಿ

'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲು ಇಟ್ಟುಕೊಂಡು ಒದ್ದಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮತ್ತೆ ತಮ್ಮೂರಿನ ಸೋಬಾನೆ ಪದಗಳನ್ನೆಲ್ಲ ಸೇರಿಸಿ 2006ರಲ್ಲಿ ಟೈಪ್ ಮಾಡಿಸಿದ್ದರು. ಒಟ್ಟು 146 ಪುಟ. ನಾದಿನಿ ಮದುವೆಯಲ್ಲಿ ಅದನ್ನೇ ಪುಸ್ತಕ ಮಾಡಿ ತಾಂಬೂಲದ ಜೊತೆ ಕೊಡೋಣ ಅಂತ ಫೈಲ್ ತೆರೆದೆ. ಒಂದಕ್ಷರವೂ ಕನ್ನಡ ಇಲ್ಲ! 'ನ' ಇರಬೇಕಾದ ಕಡೆ ಪೌಂಡ್ ಗುರುತು, 'ಪ' ಜಾಗದಲ್ಲಿ ಜಪಾನಿನ ಯೆನ್, 'ಬಿ' ಜಾಗದಲ್ಲಿ ಕಾಪಿರೈಟ್ ಗುರುತು. ಅತ್ತೆ ಕಣ್ಣಲ್ಲಿ ನೀರು ಬಂತು. ಹಾಡಿ ಬರೆಸಿದವರಲ್ಲಿ ಜಾಸ್ತಿ ಜನ ಈಗ ಇಲ್ಲ.

ಮೊದಲು ಹೋದ ಅಂಗಡಿಯವರು ಅರ್ಧ ಗಂಟೆಯಲ್ಲಿ ಯೂನಿಕೋಡ್ (ಈಗಿನ ಕಂಪ್ಯೂಟರು, ಫೋನುಗಳಲ್ಲೆಲ್ಲ ನಡೆಯೋ ಅಕ್ಷರ ಪದ್ಧತಿ) ಮಾಡಿ ಕೈಗಿಟ್ಟರು. ಮನೆಗೆ ಬಂದು ಓದಿದರೆ 'ಸೂರ್ಯ' ಹೋಗಿ 'ಸೂಯರ್' ಆಗಿತ್ತು, 'ಕರ್ನಾಟಕ' ಹೋಗಿ 'ಕನಾರ್ಟಕ'.

ಆಮೇಲೆ ಸಿಕ್ಕಿದ್ದು ವಿ.ವಿ. ರೋಡಿನ ಅಡ್ಡರಸ್ತೆಯಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಈ ಪುಟ್ಟ ಅಂಗಡಿ. ಬೋರ್ಡಲ್ಲಿ 'ಜೆರಾಕ್ಸ್, ಡಿಟಿಪಿ' ಅಂತಷ್ಟೇ ಇದೆ. ಅಂಗಡಿಯ ಅಣ್ಣ ಫೈಲ್ ನೋಡಿದವರೇ, "ಏನೂ ಹಾಳಾಗಿಲ್ಲ ಕಣಮ್ಮ, ನಿಮ್ಮ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ ಅಷ್ಟೆ" ಅಂದರು. ನನಗೆ ಹೋದ ಜೀವ ಬಂದಂತಾಯಿತು.

ಹಳೇ ಫಾಂಟುಗಳಿಗೆ ಇದ್ದದ್ದು 256 ಮನೆ. ಇಂಗ್ಲಿಷಿನವರ ಗುರುತುಗಳು ಕೂತಿದ್ದ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. 163ನೇ ಮನೆ ಪೌಂಡಿನದು, ನುಡಿ ಫಾಂಟಲ್ಲಿ ಅಲ್ಲಿ 'ನ'. ಫಾಂಟ್ ತೆಗೆದರೆ ಹಳೇ ಯಜಮಾನ ವಾಪಸ್ ಬರುತ್ತಾನೆ. ಯೂನಿಕೋಡಲ್ಲಿ ಈ ತಾಪತ್ರಯವಿಲ್ಲ. 1991ರಿಂದಲೇ ಅದರಲ್ಲಿ ಕನ್ನಡಕ್ಕೆ ಅಂತಲೇ 128 ಮನೆಗಳ ಒಂದು ಸಾಲಿದೆ.

'ಸೂಯರ್' ಯಾಕಾಯಿತು ಅನ್ನೋದನ್ನು ಅವರು ಹಳೇ ಲಗ್ನಪತ್ರಿಕೆಯ ಹಿಂದೆ ಬರೆದು ತೋರಿಸಿದರು. ಹಳೇ ಫೈಲಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಜಾಗದಲ್ಲೇ ಇರುತ್ತೆ: ಮೊದಲು 'ಯ', ಆಮೇಲೆ ಅರ್ಕಾವತ್ತು. ಯೂನಿಕೋಡಲ್ಲಿ ಬಾಯಲ್ಲಿ ಹೇಳೋ ಕ್ರಮ: ಮೊದಲು 'ರ್', ಆಮೇಲೆ 'ಯ'. ಬದಲಾಯಿಸುವಾಗ ಅದನ್ನು ಎತ್ತಿ ಹಿಂದಕ್ಕೆ ತಂದಿಡಬೇಕು. ಇವರು ತಂತ್ರಾಂಶದಲ್ಲಿ ಒಂದು ಸಲ ಓಡಿಸಿ, ಅರ್ಕಾವತ್ತು ಇರೋ ಪದಗಳನ್ನೆಲ್ಲ ಹುಡುಕಿ ಒಂದೊಂದಾಗಿ ನೋಡಿದರು.

ಇನ್ನೊಂದು ಹೇಳಲೇಬೇಕು. ಅತ್ತೆಯ ಮುನ್ನುಡಿಯಲ್ಲಿ 'ಹಾಡ್‌ಗಾರ್ತಿ' ಅಂತಿದೆ. ನಾನು ಟೈಪ್ ಮಾಡಿದರೆ 'ಹಾಡ್ಗಾರ್ತಿ' ಆಗುತ್ತಿತ್ತು. ಅಣ್ಣ 'ಡ್' ಆದಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿದರು. ಯೂನಿಕೋಡಲ್ಲಿ ಅದರ ನಂಬರು 200ಸಿ. ಅಗಲವೇ ಇಲ್ಲ, ಎರಡು ಅಕ್ಷರ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳೋದಷ್ಟೇ ಕೆಲಸ. ಪಲ್ಲವಿಯ ಪಕ್ಕ ಎರಡು ನೆಟ್ಟಗೆರೆ ಇದ್ದ ಕಡೆಯೆಲ್ಲ ಸರಿಯಾದ ಜೋಡಿದಂಡ ಹಾಕಿಕೊಟ್ಟರು. ಅದು ದೇವನಾಗರಿ ಸಾಲಿನಲ್ಲಿದೆಯಂತೆ, ಕನ್ನಡಕ್ಕೂ ಅದನ್ನೇ ಬಳಸಬೇಕಂತೆ. ಯಾರೂ ಕೇಳಿರಲಿಲ್ಲ, ಆದರೂ ಮಾಡಿದರು.

ಪುಟಕ್ಕೆ 12 ರೂಪಾಯಿ. ಮೊದಲಿನವರಿಗಿಂತ ಜಾಸ್ತಿನೇ, ಆದರೆ ಕೊಟ್ಟಿದ್ದಕ್ಕೆ ಬೇಸರವಿಲ್ಲ. ಎರಡು ದಿನ ಅಂದವರು ಐದು ದಿನ ತಗೊಂಡರು, ಫೋನ್ ಮಾಡಿದರೆ ಎತ್ತೋದಿಲ್ಲ. ಮದುವೆ ಹತ್ತಿರ ಇಟ್ಟುಕೊಂಡು ಹೋಗಬೇಡಿ. ವಯಸ್ಸಾದವರಿಗೆ ಆ ಮೆಟ್ಟಿಲು ಕಷ್ಟ.

ಈಗ ಅದೇ ಫೈಲು ಅತ್ತೆಯ ಫೋನಲ್ಲೂ ಇದೆ. ನಿನ್ನೆ ಹುಡುಕೋ ಜಾಗದಲ್ಲಿ 'ಅರಿಶಿಣ' ಅಂತ ಒತ್ತಿದರು. ಹನ್ನೊಂದು ಪದ ಸಿಕ್ಕಿದವು. ಅಡುಗೆಮನೆಯಲ್ಲೇ ನಿಂತು ಒಂದೊಂದನ್ನೂ ಹಾಡಿದರು.

ಹೋಗೋದಾದರೆ ಸೋಮವಾರ ರಜೆ. ಪೆನ್‌ಡ್ರೈವಲ್ಲಿ ಪಿಡಿಎಫ್ ಒಂದೇ ಸಾಲದು, ಮೂಲ ವರ್ಡ್ ಫೈಲನ್ನೂ ಹಾಕಿಕೊಂಡು ಹೋಗಿ.