ಗಿಡದ ಟ್ಯಾಂಕಿಗೆ ಮನೆಯಲ್ಲೇ ಮಾಡಿದ ನಾಲ್ಕು ಲೈಟು: ಬಲ್ಬು, ಸ್ಟ್ರಿಪ್ಪು, ಫ್ಲಡ್ಡು, ಸ್ಟಾರು

ನನ್ನ ಮೀನಿನ ಟ್ಯಾಂಕು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ 55 ಲೀಟರ್ ಆಸುಪಾಸು. ಒಳಗೆ ವ್ಯಾಲಿಸ್ನೇರಿಯಾ, ಕ್ರಿಪ್ಟೊ, ಜಾವಾ ಫರ್ನ್ ಅನ್ನುವ ನೀರಿನ ಗಿಡಗಳು, ಒಂದಿಷ್ಟು ಗಪ್ಪಿ ಮೀನು. ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಕೊಡುವ ಸಿಓಟು ಸಿಲಿಂಡರ್ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸಿಲಿಂಡರ್ ಇದ್ದವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ.

ಟ್ಯಾಂಕಿನ ಮುಚ್ಚಳದಲ್ಲೇ ಬಂದಿದ್ದ ಲೈಟಿನಲ್ಲಿ ಮೀನು ಚೆನ್ನಾಗಿ ಕಾಣುತ್ತಿತ್ತು. ಗಿಡ ಮಾತ್ರ ತಿಂಗಳೊಳಗೆ ಕರಗಿತು. ಗಿಡಕ್ಕೆಂದೇ ಮಾಡಿದ ರೆಡಿಮೇಡ್ ಲೈಟಿನ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಆಮೇಲೆ ಎರಡು ವರ್ಷ, ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಬೆಂಗಳೂರಿನ ಎಸ್‌ಪಿ ರೋಡಿಗೆ ಎಷ್ಟು ಸಲ ಹೋದೆನೋ ಲೆಕ್ಕ ಇಟ್ಟಿಲ್ಲ.

ಮೊದಲು ಮಾಡಿದ್ದು ಬಲ್ಬಿನ ಲೈಟು. ಮನೆಗೆ ಹಾಕುವ ಅದೇ 9 ವ್ಯಾಟಿನ ಎಲ್‌ಇಡಿ ಬಲ್ಬು, ಮೂರು. 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಒಳಗೆ ಬಿಳಿ ಪೇಂಟ್ ಹೊಡೆದು, ಹೋಲ್ಡರ್ ಕೂರಿಸಿದೆ. ಒಂದು ಭಾನುವಾರದ ಕೆಲಸ. ಬಾಕ್ಸಿನ ಮೇಲೆ ಒಂದೊಂದಕ್ಕೂ 900 ಲ್ಯೂಮೆನ್ (ಬೆಳಕಿನ ಅಳತೆ) ಅಂತ ಬರೆದಿರುತ್ತೆ. ಮೂರಕ್ಕೆ 2700, ಅಂದರೆ ಲೀಟರಿಗೆ 50ರ ಹತ್ತಿರ. ಸಿಓಟು ಇಲ್ಲದ ಟ್ಯಾಂಕಿಗೆ ಲೀಟರಿಗೆ 20ರಿಂದ 30 ಸಾಕು ಅನ್ನುವುದು ಈ ಹವ್ಯಾಸದವರ ಅಂದಾಜು. ಹಾಗಾದರೆ ಜಾಸ್ತಿ ಆಯ್ತಲ್ಲ ಅನ್ನಿಸಬಹುದು. ಆಗಲ್ಲ. ಬಲ್ಬಿನ ಬೆಳಕು ಅಕ್ಕಪಕ್ಕಕ್ಕೂ ಚೆಲ್ಲುತ್ತೆ. ಪೈಪಿನ ಬಿಳಿ ಬಣ್ಣ ಅದರಲ್ಲಿ ಒಂದು ಪಾಲನ್ನು ಮಾತ್ರ ಕೆಳಗೆ ತಳ್ಳುತ್ತೆ. ಹಾಗಾಗಿ ಲೆಕ್ಕ ತಾನಾಗೇ ಸರಿಹೋಯಿತು. ಎರಡು ಕೂಲ್ ಡೇಲೈಟ್, ನಡುವೆ ಒಂದು ವಾರ್ಮ್ ವೈಟ್ ಹಾಕಿದ ಮೇಲೆ ಗಪ್ಪಿಯ ಬಾಲದ ಕೆಂಪು ಎದ್ದು ಕಂಡಿತು. ವ್ಯಾಲಿಸ್ನೇರಿಯಾ ಮರಿ ಹಾಕತೊಡಗಿತು.

ಇಲ್ಲಿ ಒಂದು ಎಚ್ಚರಿಕೆ. ಬಲ್ಬಿನ ಬಿಳಿ ಟೋಪಿ ಕಿತ್ತರೆ ಬೆಳಕು ಜಾಸ್ತಿ ಬರುತ್ತೆ ಅಂತ ಹೇಳುವವರು ಇದ್ದಾರೆ. ಬರುವುದು ನಿಜ. ಆದರೆ ಎಷ್ಟೋ ಬಲ್ಬುಗಳಲ್ಲಿ ಒಳಗಿನ ಎಲ್‌ಇಡಿ ಪ್ಲೇಟಿಗೂ ಗೋಡೆಯ 230 ವೋಲ್ಟಿಗೂ ನಡುವೆ ತಡೆಯೇ ಇರುವುದಿಲ್ಲ. ಆ ಟೋಪಿಯೇ ರಕ್ಷಣೆ. ಕೆಳಗೆ ನೀರು, ಆ ನೀರಿನಲ್ಲಿ ನಿಮ್ಮ ಕೈ. ಬೇಡ.

ಎರಡನೆಯದು ಸ್ಟ್ರಿಪ್ಪು. 5 ಮೀಟರ್ ಸುರುಳಿ, 12 ವೋಲ್ಟು, 5050 ಅನ್ನುವ ಜಾತಿ, ಮೀಟರಿಗೆ 60 ಎಲ್‌ಇಡಿ. ನೀರಿನ ಹತ್ತಿರ 12 ವೋಲ್ಟೇ ವಾಸಿ ಅಲ್ವಾ ಅಂತ ಬಹಳ ಖುಷಿಯಲ್ಲಿ ತಂದೆ. 60 ಸೆಂಟಿಮೀಟರಿನ ಐದು ಸಾಲು, ಒಟ್ಟು 3 ಮೀಟರ್. "ಅಡಾಪ್ಟರ್ ಎಷ್ಟು ಆಂಪ್ ಸಾರ್?" ಅಂತ ಅಂಗಡಿಯವರು ಕೇಳಿದರು. ತಿಳಿದವನ ಹಾಗೆ "ಎರಡು ಸಾಕು" ಅಂದೆ. ಮೀಟರಿಗೆ 14.4 ವ್ಯಾಟ್, 3 ಮೀಟರಿಗೆ 43, ಅಂದರೆ 3.6 ಆಂಪ್ ಬೇಕಿತ್ತು. ಅರ್ಧ ಗಂಟೆಯಲ್ಲಿ ಅಡಾಪ್ಟರ್ ದೋಸೆ ಕಾವಲಿಯಾಯಿತು. ಮರುದಿನ ಹೋಗಿ 5 ಆಂಪಿನ ದೊಡ್ಡ ಅಡಾಪ್ಟರ್, ಅಂದರೆ ಎಸ್‌ಎಂಪಿಎಸ್ ತಂದೆ.

ಬೆಳಕು ಹರಡುವುದರಲ್ಲಿ ಸ್ಟ್ರಿಪ್ಪನ್ನು ಮೀರಿಸುವುದು ಯಾವುದೂ ಇಲ್ಲ. ಮೂಲೆಯಲ್ಲೂ ನೆರಳಿಲ್ಲ. ಆದರೆ ಅದು ಬಾಳಲಿಲ್ಲ. ಟ್ಯಾಂಕಿನ ಮೇಲೆ ಸದಾ ತೇವ. ಮಳೆಗಾಲ ಮುಗಿಯುವಷ್ಟರಲ್ಲಿ ಬೆಸುಗೆ ಹಾಕಿದ ತುದಿಗಳಲ್ಲಿ ತಾಮ್ರ ಹಸಿರಾಗಿ, ಮೂರು ಮೂರು ಎಲ್‌ಇಡಿ ಒಟ್ಟಿಗೆ ಆರತೊಡಗಿದವು. ಸ್ಟ್ರಿಪ್ಪು ಕತ್ತರಿಸುವುದೂ ಮೂರು ಮೂರಾಗಿಯೇ, ಸಾಯುವುದೂ ಹಾಗೇ. ಸಿಲಿಕೋನ್ ಲೇಪ ಇದ್ದ ಸುರುಳಿಯನ್ನೇ ತಂದಿದ್ದೆ. ಅದು ಹಳದಿಗೆ ತಿರುಗಿತು, ಶಾಖವನ್ನೂ ಒಳಗೇ ಹಿಡಿದಿಟ್ಟಿತು. ಪ್ಲೈವುಡ್ಡಿಗೆ ಅಂಟಿಸಿದ್ದು ನನ್ನದೇ ತಪ್ಪು, ಅಲ್ಯೂಮಿನಿಯಂಗೆ ಅಂಟಿಸಬೇಕಿತ್ತು.

ಫ್ಲಡ್ ಲೈಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 50 ವ್ಯಾಟು, 2 ಅಡಿ ಮೇಲೆ ನೇತು ಹಾಕಿದೆ. ಬೆಳಕು ಒಂದೇ ಜಾಗದಿಂದ ಬರುವುದರಿಂದ ಅಲೆಯ ನೆರಳು ಮರಳಿನ ಮೇಲೆ ಕುಣಿಯುತ್ತೆ. ಹಳ್ಳದ ತಳ ನೋಡಿದ ಹಾಗೇ ಇರುತ್ತೆ, ಅದೊಂದು ಚಂದ. ವಾರ ಕಳೆಯುವುದರೊಳಗೆ ಗಾಜಿನ ಮೇಲೆ ಹಸಿರು ಪುಡಿ, ಫರ್ನಿನ ಅಂಚಿಗೆ ಕೂದಲು ಪಾಚಿ. ಒಂದು ಸಂಜೆ ಸುಮ್ಮನೆ ಅದರ ಮೈಗೆ ಟೆಸ್ಟರ್ ಇಟ್ಟೆ. ಉರಿಯಿತು! ಬಾಡಿಗೆ ಮನೆಯ ಆ ಸಾಕೆಟ್ಟಿಗೆ ಅರ್ಥಿಂಗೇ ಇರಲಿಲ್ಲ. ಅವತ್ತೇ ಇಳಿಸಿದೆ.

ಈಗ ಸ್ಟಾರು. 1 ವ್ಯಾಟಿನ ಎಲ್‌ಇಡಿಯನ್ನು ನಕ್ಷತ್ರದ ಆಕಾರದ ಪುಟ್ಟ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿರುತ್ತಾರೆ, ಅದಕ್ಕೇ ಆ ಹೆಸರು. ನಾನು 24 ತಂದೆ. 20 ಕೂಲ್ ವೈಟ್, 4 ಕೆಂಪು, 660 ನ್ಯಾನೋಮೀಟರಿನವು. 12ರ ಎರಡು ಸಾಲು, ಒಂದೊಂದಕ್ಕೂ ಕರೆಂಟನ್ನು ಹಿಡಿತದಲ್ಲಿಡುವ 300 ಮಿಲಿಆಂಪಿನ ಬೇರೆ ಡ್ರೈವರ್. ಬಿಳಿಗೆ 3.2, ಕೆಂಪಿಗೆ 2.2 ವೋಲ್ಟ್ ಅಂತ ಹಿಡಿದರೆ ಸಾಲಿಗೆ 36 ವೋಲ್ಟ್ ಆಸುಪಾಸು. 8ರಿಂದ 12 ಎಲ್‌ಇಡಿ ನಡೆಸುವ ಡ್ರೈವರ್ ಅಂತ ಕೇಳಿದರೆ ಕೊಡುತ್ತಾರೆ. ಐಸೊಲೇಟೆಡ್, ಅಂದರೆ ಗೋಡೆಯ ಕರೆಂಟಿಗೆ ನೇರ ಕೊಂಡಿ ಇಲ್ಲದ್ದು ಇರಲಿ ಅಂತ ಒತ್ತಿ ಹೇಳಿ. ಕಿಟಕಿ ಮಾಡುವವರ ಹತ್ತಿರ 2 ಅಡಿಯ ಅಲ್ಯೂಮಿನಿಯಂ ಚಾನೆಲ್ ಸಿಗುತ್ತೆ.

ಬೆಸುಗೆಯಲ್ಲಿ ನನ್ನ ಮಾನ ಹೋಯಿತು. ಮೊದಲು ಬಿಲ್ಲೆಗಳನ್ನು ಚಾನೆಲ್ಲಿಗೆ ಅಂಟಿಸಿ ಆಮೇಲೆ ಸೋಲ್ಡರಿಂಗ್ ಐರನ್ ಹಿಡಿದೆ. 25 ವ್ಯಾಟಿನ ಐರನ್ನಿನ ಬಿಸಿಯನ್ನೆಲ್ಲ ಚಾನೆಲ್ಲೇ ಕುಡಿಯಿತು, ಸೀಸ ಕರಗಲೇ ಇಲ್ಲ. ಎಲ್ಲ ಕಿತ್ತು, ಬಿಲ್ಲೆಗಳಿಗೆ ಮೊದಲು ಮರದ ಹಲಗೆ ಮೇಲೆ ಸೀಸ ಹಚ್ಚಿ ವಯರು ಕೂರಿಸಿ, ಆಮೇಲೆ ಥರ್ಮಲ್ ಪೇಸ್ಟ್ ಹಾಕಿ ಸ್ಕ್ರೂ ಬಿಗಿದೆ. ಅಷ್ಟಾದರೂ ಒಂದು ಕಡೆ ಸೀಸ ಅಂಚು ದಾಟಿ ಚಾನೆಲ್ಲಿಗೆ ತಾಗಿತ್ತು. ಮಲ್ಟಿಮೀಟರಿನ ಬೀಪ್ ಹೇಳಿಕೊಟ್ಟಿತು.

ಗಣೇಶನ ಹಬ್ಬದ ಸೀರಿಯಲ್ ಸೆಟ್ ನೋಡಿದ್ದೀರಲ್ಲ, ಇದೂ ಅದೇ. ಒಂದು ಕಡೆ ಕೊಂಡಿ ಕಳಚಿದರೆ ಸಾಲೇ ಆರುತ್ತೆ. ಡ್ರೈವರ್ ಆನ್ ಇರುವಾಗ ಎಲ್‌ಇಡಿ ಜೋಡಿಸಬೇಡಿ, ತೆರೆದ ತುದಿಯಲ್ಲಿ ವೋಲ್ಟೇಜ್ ಏರಿ ಕೂತಿರುತ್ತೆ. ಹಾಗೆ ನಾನು ಸುಟ್ಟಿದ್ದು ಎರಡು.

ಆದರೆ ಬೆಳಕು ಎಲ್ಲ ಕೆಳಗೇ ಬೀಳುತ್ತೆ, ಬಲ್ಬಿನ ಹಾಗೆ ಚೆಲ್ಲಿ ಹೋಗಲ್ಲ. 24 ವ್ಯಾಟಿಗೆ ಆ ಬಲ್ಬುಗಳ 27 ವ್ಯಾಟಿಗಿಂತ ಗಿಡ ಗಟ್ಟಿಯಾಗಿ ಬೆಳೆಯಿತು. ಎರಡು ಡ್ರೈವರ್ ಇದ್ದದ್ದೇ ನನಗೆ ಅತಿ ಉಪಯೋಗಕ್ಕೆ ಬಂದಿದ್ದು. ಒಂದು ಸಾಲು ದಿನಕ್ಕೆ 7 ಗಂಟೆ, ಇನ್ನೊಂದು ನಡುವಿನ 3 ಗಂಟೆ ಮಾತ್ರ. ಪಾಚಿ ಕಂಡರೆ ಎರಡನೆಯದನ್ನು ಒಂದು ವಾರ ಆರಿಸಿಬಿಡುತ್ತೇನೆ. ಫ್ಲಡ್ ಲೈಟಿನಲ್ಲಿ ಈ ಲಗಾಮು ಇರಲಿಲ್ಲ. ಟೈಮರ್ ತಗೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ಲೇ ತಗೊಳ್ಳಿ. ತಿರುಗುವ ಚಕ್ರದ್ದು ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತೆ. ನನ್ನ ಟ್ಯಾಂಕಿನಲ್ಲಿ ಒಂದು ಬೇಸಿಗೆಯಲ್ಲಿ ಬೆಳಗು ಜಾರುತ್ತಾ ಜಾರುತ್ತಾ ಸಂಜೆಗೆ ಬಂದಿತ್ತು.

ಅಂದ ಹಾಗೆ, ಬರೀ ಕೆಂಪು ನೀಲಿ ಎಲ್‌ಇಡಿಯಿಂದ ಗಿಡ ಬೆಳೆಯುತ್ತೆ, ಆದರೆ ಟ್ಯಾಂಕು ಜಾತ್ರೆಯ ಲೈಟಿಂಗ್ ಥರ ಆಗುತ್ತೆ. ಮೊಬೈಲಿನ ಲಕ್ಸ್ ಮೀಟರನ್ನೂ ಜಾಸ್ತಿ ನಂಬಬೇಡಿ. ಅದು ಮನುಷ್ಯನ ಕಣ್ಣಿಗೆ ಕಾಣುವ ಹಸಿರು ಹಳದಿಯನ್ನು ಹೆಚ್ಚು ಎಣಿಸುತ್ತೆ, 660ರ ಕೆಂಪನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ ಅನ್ನುವಷ್ಟು ಕಡಿಮೆ.

ಹೊಸಬರು ಯಾರಾದರೂ ಕೇಳಿದರೆ ನಾನು ಬಲ್ಬನ್ನೇ ಹೇಳುತ್ತೇನೆ. ಕೆಟ್ಟರೆ ಬೀದಿ ತುದಿಯ ಅಂಗಡಿಯಲ್ಲೇ ಸಿಗುತ್ತೆ. ಬೆಸುಗೆ ಹಿಡಿಯುವ ಚಟ ಇದ್ದವರಿಗೆ ಸ್ಟಾರು. ಉಳಿದ ಸ್ಟ್ರಿಪ್ಪು ಈಗ ನಮ್ಮ ದೇವರ ಮನೆಯಲ್ಲಿ ಉರಿಯುತ್ತಿದೆ, ಅಲ್ಲಿ ತೇವ ಇಲ್ಲ. ಫ್ಲಡ್ಡನ್ನು ಮಾವ ಕಾರ್ ಶೆಡ್ಡಿಗೆ ಹಾಕಿಕೊಂಡರು, ಅರ್ಥಿಂಗ್ ಸಮೇತ. ಬಲ್ಬಿನ ಪೈಪು ಅಕ್ಕನ ಮನೆಯ ಟ್ಯಾಂಕಿನ ಮೇಲಿದೆ.

ಸ್ಟಾರಿನ ಧೈರ್ಯದ ಮೇಲೆ ಹೋದ ತಿಂಗಳು ರೊಟಾಲಾ ಮ್ಯಾಕ್ರಾಂಡ್ರಾ ತಂದು ನೆಟ್ಟೆ. ನಮ್ಮದೇ ಪಶ್ಚಿಮ ಘಟ್ಟದ ಗಿಡ, ನೆಂಟಸ್ತಿಕೆ ನೋಡಿಯಾದರೂ ಉಳಿಯಬಹುದು ಅಂದುಕೊಂಡಿದ್ದೆ. ತುದಿ ಸ್ವಲ್ಪ ಕೆಂಪಾಯಿತು, ಬುಡದ ಎಲೆ ಉದುರುತ್ತಾ ಬಂತು. ಎರಡೂ ಸಾಲು 7 ಗಂಟೆ ಉರಿಸಿ ನೋಡಿದೆ. ಎಲೆ ಉದುರುವುದು ನಿಲ್ಲಲಿಲ್ಲ, ಪಾಚಿ ಮಾತ್ರ ಬಂತು. ಅದಕ್ಕೆ ಬೇಕಿದ್ದದ್ದು ಇನ್ನಷ್ಟು ಬೆಳಕಲ್ಲ, ಸಿಓಟು.